ಪಿಸ್ತೂಲು ಕೈ ಬದಲಾಗಲು ಎಷ್ಟು ದಿನ? ಅಮೆರಿಕದ ಕಾಯುವ ಅವಧಿ ಕಾನೂನು, ಒಂದು ಅಧ್ಯಯನ ಟಿಪ್ಪಣಿ

ಇಬ್ಬರು ಸಾಮಾನ್ಯ ಜನ. ಒಬ್ಬರ ಹತ್ತಿರ ಹಳೆಯ ಪಿಸ್ತೂಲು ಇದೆ, ಇನ್ನೊಬ್ಬರಿಗೆ ಅದು ಬೇಕು. ಇಬ್ಬರೂ ಅಂಗಡಿಯವರಲ್ಲ. ಆದರೂ ಅಮೆರಿಕದ ಹಲವು ರಾಜ್ಯಗಳಲ್ಲಿ ಇವರು ಲೈಸೆನ್ಸ್ ಇರುವ ಡೀಲರ್ ಹತ್ತಿರ ಹೋಗಲೇಬೇಕು. ಅವುಗಳಲ್ಲಿ ಕೆಲವು ರಾಜ್ಯಗಳಲ್ಲಿ ಮಾತ್ರ, ಕಾಗದಪತ್ರ ಎಲ್ಲ ಸರಿಯಿದ್ದರೂ, ಕೊಂಡವರು ಅಂದೇ ಪಿಸ್ತೂಲು ಒಯ್ಯುವಂತಿಲ್ಲ. ಇಷ್ಟು ದಿನ ಕಾಯಿರಿ ಅಂತ ಕಾನೂನು ಹೇಳುತ್ತದೆ.

ತುಲನಾತ್ಮಕ ಕಾನೂನು ಓದುವಾಗ ಈ ವಿಷಯ ನನಗೆ ತುಂಬಾ ದಿನ ಗೊಂದಲವಾಗಿಯೇ ಇತ್ತು. ಕಾರಣ ಆಮೇಲೆ ಗೊತ್ತಾಯಿತು: ನಾನು ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಅಂದುಕೊಂಡಿದ್ದೆ. ಡೀಲರ್ ಹತ್ತಿರ ಹೋಗಬೇಕಾ ಅನ್ನೋದು ಒಂದು. ಬ್ಯಾಕ್‌ಗ್ರೌಂಡ್ ಚೆಕ್‌ಗೆ, ಅಂದರೆ ಕೊಳ್ಳುವವರು ಅರ್ಹರಾ ಅಂತ ನೋಡುವ ತಪಾಸಣೆಗೆ, ಎಷ್ಟು ಸಮಯ ಅನ್ನೋದು ಇನ್ನೊಂದು. ಚೆಕ್ ಮುಗಿದ ಮೇಲೂ ಸುಮ್ನೆ ಕಾಯಬೇಕಾ ಅನ್ನೋದು ಮೂರನೆಯದು. ಒಂದು ರಾಜ್ಯ ಮೊದಲನೆಯದಕ್ಕೆ ಹೌದು ಅಂದು ಮೂರನೆಯದಕ್ಕೆ ಇಲ್ಲ ಅನ್ನಬಹುದು. ನೆವಾಡಾ ಹಾಗೆಯೇ ಮಾಡಿದೆ: 2020ರ ಜನವರಿಯಿಂದ ಅಲ್ಲಿ ಖಾಸಗಿ ಮಾರಾಟ ಡೀಲರ್ ಮೂಲಕವೇ ಆಗಬೇಕು, ಆದರೆ ಕಾಯುವ ದಿನ ಅಂತ ಕಾನೂನಿನಲ್ಲಿ ಇಲ್ಲ. ಚೆಕ್ ಸರಿ ಬಂದರೆ ಆಯಿತು.

ಮೊದಲು ಒಕ್ಕೂಟ ಸರ್ಕಾರದ ಕಾನೂನು ನೋಡೋಣ. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಬಂದೂಕು ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಈ ಲೈಸೆನ್ಸ್‌ದಾರರನ್ನು ಅಲ್ಲಿ ಎಲ್ಲರೂ ಎಫ್‌ಎಫ್‌ಎಲ್ ಅಂತಲೇ ಕರೆಯುತ್ತಾರೆ. ಒಂದೇ ರಾಜ್ಯದ ಇಬ್ಬರು ನಿವಾಸಿಗಳು ತಮ್ಮತಮ್ಮಲ್ಲೇ ಮಾರಿಕೊಂಡರೆ ಡೀಲರ್ ಬೇಕು ಅಂತ ಒಕ್ಕೂಟ ಕಾನೂನು ಹೇಳುವುದಿಲ್ಲ. ಬೇರೆ ಬೇರೆ ರಾಜ್ಯದವರಾದರೆ ಮಾತ್ರ ಹ್ಯಾಂಡ್‌ಗನ್ (ಪಿಸ್ತೂಲು, ರಿವಾಲ್ವರ್ ಥರದ್ದು) ಕೊಳ್ಳುವವರ ರಾಜ್ಯದ ಡೀಲರ್ ಕೈ ಸೇರಿ, ಅಲ್ಲಿಂದ ಅವರ ಕೈಗೆ ಹೋಗಬೇಕು. ಕಾಯುವ ದಿನ ಇವತ್ತು ಒಕ್ಕೂಟ ಕಾನೂನಿನಲ್ಲಿ ಇಲ್ಲ.

ಆದರೆ ಒಂದು ಕಾಲಕ್ಕೆ ಇತ್ತು. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಮೇಲೆ ವಾಷಿಂಗ್ಟನ್‌ನ ಹೋಟೆಲ್ ಹೊರಗೆ ಗುಂಡು ಹಾರಿತಲ್ಲ, ಆಗ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಅವರ ತಲೆಗೂ ಪೆಟ್ಟಾಯಿತು. ಅವರ ಹೆಸರಿನ ಬ್ರೇಡಿ ಕಾಯ್ದೆಗೆ ಕ್ಲಿಂಟನ್ ಸಹಿ ಹಾಕಿದ್ದು 1993ರ ನವೆಂಬರ್ 30ರಂದು. 1994ರ ಫೆಬ್ರವರಿ 28ರಿಂದ ಡೀಲರ್ ಹತ್ತಿರ ಹ್ಯಾಂಡ್‌ಗನ್ ಕೊಳ್ಳುವವರು 5 ಕೆಲಸದ ದಿನ ಕಾಯಬೇಕಾಯಿತು. ಆ 5 ದಿನದಲ್ಲಿ ಸ್ಥಳೀಯ ಪೊಲೀಸ್ ಮುಖ್ಯಸ್ಥರು ಕೊಳ್ಳುವವರ ಹಿನ್ನೆಲೆ ನೋಡಬೇಕಿತ್ತು. ಹೀಗೆ ರಾಜ್ಯದ ಅಧಿಕಾರಿಗಳಿಗೆ ಒಕ್ಕೂಟ ಸರ್ಕಾರ ಕೆಲಸ ಹೇರುವಂತಿಲ್ಲ ಅಂತ 1997ರಲ್ಲಿ ಪ್ರಿಂಟ್ಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಯ್ದೆಯಲ್ಲೇ ಈ ಕಾಯುವಿಕೆ ತಾತ್ಕಾಲಿಕ ಅಂತ ಬರೆದಿತ್ತು. 1998ರ ನವೆಂಬರ್ 30ರಂದು ಎಫ್‌ಬಿಐ ನಡೆಸುವ ಕಂಪ್ಯೂಟರ್ ತಪಾಸಣೆ, ಅಂದರೆ ನಿಕ್ಸ್, ಶುರುವಾದ ದಿನವೇ 5 ದಿನದ ನಿಯಮ ಹೋಯಿತು. ಈ ಒಂದು ಬದಲಾವಣೆಯಲ್ಲಿ ನಮಗೆ ಬೇಕಾದ ಪಾಠವೆಲ್ಲ ಇದೆ ಅಂತ ನನಗೆ ಅನಿಸುತ್ತದೆ. ಬ್ರೇಡಿ ಕಾಯ್ದೆ ಬರೆದವರಿಗೆ ಕಾಯುವಿಕೆ ಅಂದರೆ ಮುಖ್ಯವಾಗಿ ತಪಾಸಣೆಗೆ ಬೇಕಾದ ಸಮಯ. ತಪಾಸಣೆ ನಿಮಿಷಗಳಲ್ಲಿ ಆಗುವಂತಾದಾಗ ಕಾಯುವುದು ಯಾಕೆ ಅಂದರು. ಕಾಯುವ ದಿನ ಇವತ್ತಿಗೂ ಉಳಿಸಿಕೊಂಡ ರಾಜ್ಯಗಳು ಬೇರೆಯೇ ಉತ್ತರ ಕೊಡುತ್ತವೆ: ಕಾಯುವುದು ತಪಾಸಣೆಗಷ್ಟೇ ಅಲ್ಲ, ಮನಸ್ಸು ತಣ್ಣಗಾಗಲಿ ಅಂತಲೂ ಹೌದು.

ಮೂರು ದಿನ ಅನ್ನೋದು ಏನು?

ಇಲ್ಲೇ ಜಾಸ್ತಿ ಜನ ತಪ್ಪುವುದು. ಕೊಳ್ಳುವವರು 4473 ಸಂಖ್ಯೆಯ ಫಾರಂ ತುಂಬುತ್ತಾರೆ, ಡೀಲರ್ ನಿಕ್ಸ್‌ಗೆ ವಿವರ ಕಳಿಸುತ್ತಾರೆ. ಮೂರು ಉತ್ತರಗಳಲ್ಲಿ ಒಂದು ಬರುತ್ತದೆ: ಮುಂದುವರಿಸಿ, ತಡವಾಗುತ್ತದೆ, ಇಲ್ಲ. ತಡ ಅಂತ ಬಂದು 3 ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ, ಒಕ್ಕೂಟ ಕಾನೂನಿನ ಪ್ರಕಾರ ಡೀಲರ್ ಬಂದೂಕು ಕೊಡಬಹುದು. ಕೊಡಲೇಬೇಕು ಅಂತ ಇಲ್ಲ, ಕೊಡಬಹುದು ಅಷ್ಟೇ. ಇದು ಕಾಯುವ ಅವಧಿ ಅಲ್ಲ, ತಪಾಸಣೆಗೆ ಹಾಕಿದ ಗಡುವು. ಒಂದು ಗಡಿಯಾರ ಕೊಳ್ಳುವವರನ್ನು ನಿಲ್ಲಿಸಲು ಇದೆ, ಇನ್ನೊಂದು ಸರ್ಕಾರವನ್ನು ಅವಸರಪಡಿಸಲು ಇದೆ.

ಲೆಕ್ಕ ಹೇಗೆ ಅಂತ ಒಂದು ನಿಜವಾದ, ನೋವಿನ ಉದಾಹರಣೆಯಲ್ಲಿ ನೋಡೋಣ. 2015ರ ಏಪ್ರಿಲ್ 11, ಶನಿವಾರ, ದಕ್ಷಿಣ ಕೆರೊಲಿನಾದ ಅಂಗಡಿಯಲ್ಲಿ ಒಬ್ಬ ಯುವಕ ಪಿಸ್ತೂಲು ಕೊಳ್ಳಲು ಹೋದ. ಉತ್ತರ ತಡ ಅಂತ ಬಂತು. ಚೆಕ್ ಕಳಿಸಿದ ದಿನ ಲೆಕ್ಕಕ್ಕಿಲ್ಲ, ಭಾನುವಾರವೂ ಇಲ್ಲ. ಸೋಮ, ಮಂಗಳ, ಬುಧ, ಮೂರು ದಿನ ಆಯಿತು. ಗುರುವಾರ, 16ನೇ ತಾರೀಕು, ಪಿಸ್ತೂಲು ಅವನ ಕೈಗೆ ಬಂತು. ಜೂನ್ 17ರಂದು ಚಾರ್ಲ್‌ಸ್ಟನ್‌ನ ಇಮ್ಯಾನುಯೆಲ್ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತಿದ್ದ 9 ಜನರನ್ನು ಅವನು ಕೊಂದ. ಅವನ ಮೇಲಿದ್ದ ಮಾದಕವಸ್ತು ಪ್ರಕರಣದ ವಿವರ ಸಮಯಕ್ಕೆ ಸಿಕ್ಕಿದ್ದರೆ ಈ ಮಾರಾಟವೇ ಆಗುತ್ತಿರಲಿಲ್ಲ ಅಂತ ಆಗಿನ ಎಫ್‌ಬಿಐ ನಿರ್ದೇಶಕರೇ ಒಪ್ಪಿಕೊಂಡರು. ಇದು ಅಂಗಡಿಯ ಮಾರಾಟ, ಖಾಸಗಿ ವರ್ಗಾವಣೆ ಅಲ್ಲ, ನಿಜ. ಆದರೆ ಡೀಲರ್ ಮೂಲಕ ಹೋಗುವ ಖಾಸಗಿ ವ್ಯವಹಾರಕ್ಕೂ ಇದೇ ಗಡಿಯಾರ ನಡೆಯುತ್ತದೆ. 2022ರ ಜೂನ್‌ನಲ್ಲಿ ಬಂದ ಕಾಯ್ದೆ 21 ವರ್ಷದ ಕೆಳಗಿನವರಿಗೆ, ಇನ್ನಷ್ಟು ವಿಚಾರಿಸಲು ಕಾರಣ ಕಂಡರೆ, ಈ ಗಡುವನ್ನು 10 ಕೆಲಸದ ದಿನಕ್ಕೆ ಚಾಚಿತು.

ಕ್ಯಾಲಿಫೋರ್ನಿಯಾ: ನಿಧಾನವಾಗಿ ಓದಬೇಕಾದ ರಾಜ್ಯ

ಈ ವಿಷಯ ಸರಿಯಾಗಿ ಅರ್ಥವಾಗಬೇಕಾದರೆ ಒಂದೇ ರಾಜ್ಯ ಆರಿಸಿಕೊಂಡು ಪೂರ್ತಿ ಓದಿ ಅಂತ ನಾನು ಹೇಳುತ್ತೇನೆ, ಮತ್ತು ಆ ರಾಜ್ಯ ಕ್ಯಾಲಿಫೋರ್ನಿಯಾ ಆಗಲಿ. ಅಲ್ಲಿ 1923ರಿಂದಲೂ ಯಾವುದಾದರೂ ಒಂದು ರೂಪದಲ್ಲಿ ಕಾಯುವಿಕೆ ಇದೆ. ಕೊಂಡ ದಿನವೇ ಕೈಗೆ ಕೊಡಬಾರದು ಅಂತ ಶುರುವಾದದ್ದು 3 ದಿನ, 5 ದಿನ ಆಗಿ, 1970ರ ದಶಕದಲ್ಲಿ 15 ದಿನಕ್ಕೆ ಏರಿತು, 1990ರ ದಶಕದ ಕೊನೆಗೆ 10ಕ್ಕೆ ಇಳಿಯಿತು. ಇವತ್ತೂ 10 ದಿನ. 1991ರಿಂದ ಖಾಸಗಿ ಮಾರಾಟವೂ ಡೀಲರ್ ಮೂಲಕವೇ, ಅದಕ್ಕೂ ಅದೇ ಕಾಯುವಿಕೆ.

ಸ್ಯಾನ್ ಹೊಸೆಯಲ್ಲಿ ಇಬ್ಬರು ಮಾತಾಡಿಕೊಂಡು ಬೆಲೆ ಕುದುರಿಸಿಕೊಂಡರು ಅಂದುಕೊಳ್ಳಿ. ಇಬ್ಬರೂ ಒಟ್ಟಿಗೆ ಡೀಲರ್ ಹತ್ತಿರ ಹೋಗಬೇಕು. ಕೊಳ್ಳುವವರಿಗೆ 21 ತುಂಬಿರಬೇಕು, ಬಂದೂಕು ಸುರಕ್ಷತೆಯ ಪರೀಕ್ಷೆ ಪಾಸಾದ ಪ್ರಮಾಣಪತ್ರ ಇರಬೇಕು, ಆ ರಾಜ್ಯದ ನಿವಾಸಿ ಅಂತ ಪುರಾವೆ ತೋರಿಸಬೇಕು. ಡೀಲರ್ ಕಂಪ್ಯೂಟರಿನಲ್ಲಿ ಮಾರಾಟದ ದಾಖಲೆ ತುಂಬಿ ರಾಜ್ಯದ ನ್ಯಾಯ ಇಲಾಖೆಗೆ ಕಳಿಸುತ್ತಾರೆ. ಇದಕ್ಕೆ ಅಲ್ಲಿಯವರು ಡ್ರಾಸ್ ಅನ್ನುತ್ತಾರೆ. ಗಡಿಯಾರ ಶುರುವಾಗುವುದು ಆ ಕ್ಷಣಕ್ಕೆ. ಕೈ ಕುಲುಕಿದಾಗ ಅಲ್ಲ, ದುಡ್ಡು ಕೊಟ್ಟಾಗಲೂ ಅಲ್ಲ. ಅಲ್ಲಿಂದ 24 ಗಂಟೆಗಳ 10 ಸುತ್ತು ಪೂರ್ತಿ ಆಗಬೇಕು. ಶನಿವಾರ ಮಧ್ಯಾಹ್ನ 3ಕ್ಕೆ ದಾಖಲೆ ಹೋದರೆ, ಮುಂದಿನ ವಾರ ದಾಟಿ ಮಂಗಳವಾರ ಮಧ್ಯಾಹ್ನ 3 ಆಗಬೇಕು. ರಜಾ ದಿನ ಕಳೆಯುವ ಹಾಗಿಲ್ಲ, ಎಲ್ಲ ದಿನವೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ತುದಿಯೂ ಇದೆ, ಪರೀಕ್ಷೆಯಲ್ಲಿ ಇದನ್ನು ಬಿಟ್ಟುಬಿಡುತ್ತೇವೆ: 30 ದಿನದ ಒಳಗೆ ಬಂದು ಒಯ್ಯದಿದ್ದರೆ ಆ ದಾಖಲೆ ರದ್ದು, ಎಲ್ಲ ಮೊದಲಿಂದ.

ಈ 10 ದಿನ ಪಿಸ್ತೂಲು ಎಲ್ಲಿರುತ್ತದೆ? ಡೀಲರ್ ಹತ್ತಿರ. ಇಲ್ಲಿ ಒಂದು ಸೂಕ್ಷ್ಮ ಇದೆ. ಮಾರುವವರು ಅದನ್ನು ಡೀಲರ್ ವಶಕ್ಕೆ ಬಿಟ್ಟು ಮನೆಗೆ ಹೋದರೆ, ಡೀಲರ್ ತಮ್ಮ ಪುಸ್ತಕದಲ್ಲಿ ಬಂದ ಮಾಲು ಅಂತ ಬರೆದುಕೊಳ್ಳಬೇಕು. ಕೊಳ್ಳುವವರಿಗೆ ತಪಾಸಣೆಯಲ್ಲಿ ಇಲ್ಲ ಅಂತ ಬಂದು ಮಾಲು ವಾಪಸ್ ಕೊಡುವ ಸಂದರ್ಭ ಬಂದರೆ, ಒಕ್ಕೂಟ ನಿಯಮದ ಪ್ರಕಾರ ಮಾರಲು ತಂದವರೇ ಫಾರಂ 4473 ತುಂಬಿ ತಮ್ಮ ತಪಾಸಣೆ ಮಾಡಿಸಿಕೊಳ್ಳಬೇಕು. ತಮ್ಮದೇ ವಸ್ತು ವಾಪಸ್ ಪಡೆಯಲು ಚೆಕ್ ಯಾಕೆ ಅಂತ ಮೊದಲು ವಿಚಿತ್ರ ಅನಿಸುತ್ತದೆ. ಆದರೆ ಯೋಚಿಸಿ, ಲೈಸೆನ್ಸ್‌ದಾರರ ಕೈಯಿಂದ ಬಂದೂಕು ಹೊರಗೆ ಹೋಗುವ ಪ್ರತಿ ಸಲವೂ ಪಡೆಯುವವರು ಅರ್ಹರಾ ಅಂತ ನೋಡಬೇಕು ಅನ್ನುವುದೇ ಇಡೀ ವ್ಯವಸ್ಥೆಯ ತಳಪಾಯ, ಅಲ್ವಾ?

ಕುಟುಂಬದ ಒಳಗಿನ ವರ್ಗಾವಣೆಗೆ ಕ್ಯಾಲಿಫೋರ್ನಿಯಾ ವಿನಾಯಿತಿ ಕೊಡುತ್ತದೆ. ಅಪ್ಪ ಅಮ್ಮನಿಂದ ಮಕ್ಕಳಿಗೆ, ಅಜ್ಜ ಅಜ್ಜಿಯಿಂದ ಮೊಮ್ಮಕ್ಕಳಿಗೆ, ಅಥವಾ ತಿರುಗಿ ಅವರಿಂದ ಇವರಿಗೆ ಆದರೆ ಡೀಲರ್ ಬೇಡ, 10 ದಿನ ಬೇಡ, 30 ದಿನದಲ್ಲಿ ವರದಿ ಸಲ್ಲಿಸಿದರೆ ಸಾಕು. ಅಣ್ಣನಿಂದ ತಮ್ಮನಿಗೆ? ಇಲ್ಲ. ಒಡಹುಟ್ಟಿದವರು ಆ ಪಟ್ಟಿಯಲ್ಲಿ ಇಲ್ಲ. ನಮ್ಮ ಕಡೆ ಕುಟುಂಬ ಅಂದ ಕೂಡಲೇ ಅಣ್ಣ ತಮ್ಮಂದಿರೇ ಮೊದಲು ನೆನಪಾಗುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಈಗಾಗಲೇ ಮನೆಯಲ್ಲಿ ಬಂದೂಕು ಇರುವವರು ಮತ್ತೊಂದಕ್ಕೆ ಯಾಕೆ ಕಾಯಬೇಕು? ಇದೇ ಪ್ರಶ್ನೆ ಸಿಲ್ವೆಸ್ಟರ್ ಪ್ರಕರಣದಲ್ಲಿ ಬಂತು. ಕೆಳ ನ್ಯಾಯಾಲಯ 2014ರಲ್ಲಿ ಅಂಥವರ ಪರ ಹೇಳಿತು. 2016ರ ಡಿಸೆಂಬರ್‌ನಲ್ಲಿ 9ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿ ಕಾನೂನನ್ನು ಎತ್ತಿಹಿಡಿಯಿತು. ತಪಾಸಣೆ ಬೇಗ ಮುಗಿದರೂ ತಣ್ಣಗಾಗುವ ಸಮಯಕ್ಕೆ ತನ್ನದೇ ಉಪಯೋಗ ಇದೆ ಅನ್ನುವುದು ಅದರ ವಾದದ ತಿರುಳು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೇಳಲು ಒಪ್ಪಲಿಲ್ಲ, ನ್ಯಾಯಮೂರ್ತಿ ಥಾಮಸ್ ಮಾತ್ರ ಭಿನ್ನಮತ ಬರೆದರು.

ಉಳಿದ ರಾಜ್ಯಗಳನ್ನು ಬೇಗ ನೋಡಿಬಿಡೋಣ. ವಾಷಿಂಗ್ಟನ್ ರಾಜ್ಯದಲ್ಲಿ ಖಾಸಗಿ ಮಾರಾಟಕ್ಕೆ ಡೀಲರ್ ಬೇಕು ಅಂತ 2014ರಲ್ಲಿ ಜನರೇ ಮತ ಹಾಕಿದರು, 2024ರ ಜನವರಿ 1ರಿಂದ 10 ಕೆಲಸದ ದಿನ ಕಾಯಬೇಕು. ಕ್ಯಾಲಿಫೋರ್ನಿಯಾದ 10ಕ್ಕೂ ಇದಕ್ಕೂ ವ್ಯತ್ಯಾಸ ಗಮನಿಸಿ, ಕೆಲಸದ ದಿನ ಅಂದರೆ ಸುಮಾರು ಎರಡು ವಾರ. ಕೊಲರಾಡೋದಲ್ಲಿ 2023ರ ಅಕ್ಟೋಬರ್ 1ರಿಂದ 3 ದಿನ. ಮೇರಿಲ್ಯಾಂಡ್‌ನಲ್ಲಿ ಹ್ಯಾಂಡ್‌ಗನ್‌ಗೆ 7 ದಿನ, ಖಾಸಗಿ ಮಾರಾಟವನ್ನು ಡೀಲರ್ ಅಥವಾ ರಾಜ್ಯ ಪೊಲೀಸರ ಮೂಲಕ ಮಾಡಬೇಕು. ಫ್ಲೋರಿಡಾದ್ದು ಬೇರೆ ಕಥೆ. ಹ್ಯಾಂಡ್‌ಗನ್‌ಗೆ 3 ದಿನ ಅಂತ 1990ರಲ್ಲಿ ಸಂವಿಧಾನಕ್ಕೇ ಸೇರಿಸಿದರು, ಆದರೆ ಅಲ್ಲಿರುವ ಮಾತು ಚಿಲ್ಲರೆ ಮಾರಾಟ ಅಂತ. ಹಾಗಾಗಿ ನೆರೆಹೊರೆಯವರ ನಡುವಿನ ವ್ಯವಹಾರ ಹೊರಗೆ ಉಳಿಯಿತು. ಒಂದು ಪದ ನೋಡಿ, ಎಷ್ಟು ದೂರ ಒಯ್ಯುತ್ತದೆ! ಯಾವ ರಾಜ್ಯದ ಕಾನೂನು ಓದಿದರೂ ಮೊದಲು ಆ ಕ್ರಿಯಾಪದ ಹುಡುಕಿ: ಮಾರುವುದಾ, ವರ್ಗಾಯಿಸುವುದಾ, ಚಿಲ್ಲರೆ ಮಾರಾಟವಾ. ವಿಸ್ಕಾನ್ಸಿನ್ ತನ್ನ 48 ಗಂಟೆಯ ನಿಯಮವನ್ನು 2015ರಲ್ಲಿ ತೆಗೆದೇ ಹಾಕಿತು.

ಇದರಿಂದ ಜೀವ ಉಳಿಯುತ್ತದಾ? 1970ರಿಂದ 2014ರವರೆಗಿನ ಅಂಕಿಅಂಶ ನೋಡಿ ಲೂಕಾ, ಮಲ್ಹೋತ್ರಾ, ಪಾಲಿಕ್ವಿನ್ ಎಂಬ ಮೂವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯುವ ಅವಧಿಯಿಂದ ಬಂದೂಕಿನ ಕೊಲೆಗಳು ಸುಮಾರು 17% ಕಡಿಮೆಯಾದವು ಅಂತ ಕಂಡಿತು. ಬಂದೂಕಿನ ಆತ್ಮಹತ್ಯೆಗಳಲ್ಲೂ ಇಳಿಕೆ ಇತ್ತು. ಬ್ರೇಡಿ ಕಾಯ್ದೆಯ ಮೇಲೆ ಲಡ್ವಿಗ್ ಮತ್ತು ಕುಕ್ 2000ದಲ್ಲಿ ಮಾಡಿದ ಅಧ್ಯಯನ ಕೊಲೆಗಳಲ್ಲಿ ಸ್ಪಷ್ಟ ಇಳಿಕೆ ಕಾಣಲಿಲ್ಲ, 55 ದಾಟಿದವರ ಬಂದೂಕಿನ ಆತ್ಮಹತ್ಯೆಯಲ್ಲಿ ಮಾತ್ರ ಕಂಡಿತು. 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹ್ಯಾಂಡ್‌ಗನ್ ಕೊಂಡವರ ಬಗ್ಗೆ 1999ರಲ್ಲಿ ಬಂದ ಅಧ್ಯಯನ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಕೊಂಡ ಮೊದಲ ವಾರದಲ್ಲಿ ಅವರ ಬಂದೂಕಿನ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಜನರಿಗಿಂತ 57 ಪಟ್ಟು ಇತ್ತು. ಆಗ ಅಲ್ಲಿ 15 ದಿನದ ಕಾಯುವಿಕೆ ಜಾರಿಯಲ್ಲಿತ್ತು. ಅಂದರೆ ಕಾಯುವಿಕೆ ಎಲ್ಲರನ್ನೂ ಉಳಿಸುವುದಿಲ್ಲ. ಆದರೂ ನನ್ನ ಅಭಿಪ್ರಾಯ ಕಾಯುವಿಕೆಯ ಪರವೇ. ಆ ಗಳಿಗೆ ದಾಟಿದರೆ ಬದುಕುವ ಜನ ಇದ್ದಾರೆ, ಹತ್ತು ದಿನ ತಡವಾದರೆ ಜಾಸ್ತಿ ಜನ ಕಳೆದುಕೊಳ್ಳುವುದು ಹತ್ತು ದಿನ ಮಾತ್ರ. ಬೆದರಿಕೆಯಲ್ಲಿ ಬದುಕುವ ಹೆಂಗಸಿಗೆ ಆ ಹತ್ತು ದಿನ ತುಂಬಾ ದೊಡ್ಡದು ಅನ್ನುವ ವಿರೋಧಿಗಳ ವಾದವನ್ನೂ ನಾನು ಹಗುರವಾಗಿ ನೋಡುವುದಿಲ್ಲ.

ಕೋರ್ಟುಗಳಲ್ಲಿ ಈಗ ಗಾಳಿ ಬದಲಾಗುತ್ತಿದೆ. 2022ರ ಜೂನ್‌ನ ಸುಪ್ರೀಂ ಕೋರ್ಟಿನ ಬ್ರೂಯನ್ ತೀರ್ಪಿನ ನಂತರ ಬಂದೂಕು ಕಾನೂನು ಅಲ್ಲಿನ ಇತಿಹಾಸಕ್ಕೆ ಹೊಂದಬೇಕು. ನ್ಯೂ ಮೆಕ್ಸಿಕೋದ 7 ದಿನದ ನಿಯಮ 2024ರ ಮೇ ತಿಂಗಳಲ್ಲಿ ಜಾರಿಗೆ ಬಂತು. 2025ರ ಆಗಸ್ಟ್‌ನಲ್ಲಿ 10ನೇ ಸರ್ಕ್ಯೂಟ್‌ನ ಮೂವರ ಪೀಠ, 2-1ರಲ್ಲಿ, ಅದು ಸಂವಿಧಾನಕ್ಕೆ ವಿರುದ್ಧ ಇರುವ ಸಾಧ್ಯತೆ ಇದೆ ಅಂದಿತು. ಕೊಲರಾಡೋ ಕೂಡ ಅದೇ ಸರ್ಕ್ಯೂಟ್‌ನಲ್ಲಿ ಬರುತ್ತದೆ, ನೆನಪಿಡಿ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನೇ ಒಕ್ಕೂಟ ಕಾನೂನು ನಿಷೇಧಿಸುತ್ತದೆ, ಬೇಟೆ ಲೈಸೆನ್ಸ್ ಇರುವಂಥ ಕೆಲವು ವಿನಾಯಿತಿ ಬಿಟ್ಟು. ಗ್ರೀನ್ ಕಾರ್ಡ್ ಇರುವವರು ಈ ನಿಷೇಧದಲ್ಲಿ ಬರುವುದಿಲ್ಲ. ಹಾಗಾಗಿ ಅಲ್ಲಿ ಓದುತ್ತಿರುವ ಗೆಳೆಯರಿಗೆ ಎಷ್ಟು ದಿನ ಕಾಯಬೇಕು ಅನ್ನುವ ಪ್ರಶ್ನೆಗಿಂತ ಮೊದಲೇ ಇನ್ನೊಂದು ಪ್ರಶ್ನೆ ಇದೆ.

ನಮ್ಮ ದೇಶದಲ್ಲೂ ಖಾಸಗಿ ಮಾರಾಟಕ್ಕೆ ಕಾಯುವಿಕೆ ಇದೆ ಅಂತ ಎಷ್ಟು ಜನರಿಗೆ ಗೊತ್ತು? 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ತೆಗೆದು ಓದಿ. ಲೈಸೆನ್ಸ್ ಇರುವವರು ತಮ್ಮ ಸ್ವಂತ ಬಂದೂಕನ್ನು ಅರ್ಹರಾದ ಇನ್ನೊಬ್ಬರಿಗೆ ಮಾರುವ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ಅಥವಾ ಹತ್ತಿರದ ಠಾಣೆಯ ಅಧಿಕಾರಿಗೆ, ಕೊಳ್ಳುವವರ ಹೆಸರು ವಿಳಾಸದ ಸಮೇತ, ಬರೆದು ತಿಳಿಸಬೇಕು. ತಿಳಿಸಿದ ಮೇಲೆ ಕನಿಷ್ಠ 45 ದಿನ ಕಳೆಯಬೇಕು. ಮಧ್ಯದಲ್ಲಿ ಡೀಲರ್ ಇಲ್ಲ, ಕಂಪ್ಯೂಟರ್ ಇಲ್ಲ. ಅಲ್ಲಿ ಡೀಲರ್ ದಾಖಲೆ ಕಳಿಸಿದ ಕ್ಷಣದಿಂದ ಗಂಟೆ ಎಣಿಸುತ್ತಾರೆ, ಇಲ್ಲಿ ಕಚೇರಿಗೆ ಕಾಗದ ಕೊಟ್ಟ ದಿನದಿಂದ ದಿನ ಎಣಿಸುತ್ತಾರೆ, ಮತ್ತು ಆ 45 ದಿನ ಬಂದೂಕು ಮಾರುವವರ ಹತ್ತಿರವೇ ಇರಬಹುದು.