ಮುಚ್ಚಿದ ಮದ್ದುಗುಂಡು ಕಾರ್ಖಾನೆ: ಮಣ್ಣಿನ ಪ್ರಶ್ನೆಗೆ ಉತ್ತರ ಯಾವ ಕಡತದಲ್ಲಿದೆ?

ಸಾರ್ವಜನಿಕ ಸಭೆಗಳಲ್ಲಿ ಪ್ರತಿಸಲ ಯಾರಾದರೂ ಎದ್ದು ನಿಂತು ಕೇಳುತ್ತಾರೆ: "ಈ ಜಾಗದ ಮಣ್ಣು ಈಗ ಚೆನ್ನಾಗಿದೆಯಾ?" ಅವರ ಕೈಯಲ್ಲಿ ನಮ್ಮ ತಂಡವೇ ಬರೆದ ದಪ್ಪನೆಯ ಪರಿಸರ ಪರಿಣಾಮ ವರದಿ ಇರುತ್ತದೆ. ಆದರೆ ಆ ಪ್ರಶ್ನೆಗೆ ಪೂರ್ತಿ ಉತ್ತರ ಅದರಲ್ಲಿ ಸಿಗುವುದಿಲ್ಲ.

ಅಮೆರಿಕದಲ್ಲಿ ಸೇನೆಯ ಕಾರ್ಖಾನೆಯೊಂದು ಮುಚ್ಚಿ, ಜಾಗ ಬೇರೆಯವರ ಕೈಗೆ ಹೋಗುವಾಗ ಎರಡು ಕಾನೂನು ಜೊತೆಜೊತೆಗೆ ನಡೆಯುತ್ತವೆ. ಒಂದು, 1970ರ ಜನವರಿ 1ರಂದು ಸಹಿಯಾದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ. ನಾವು ಅದನ್ನು 'ನೆಪಾ' ಅನ್ನುತ್ತೇವೆ. ಈ ಜಾಗ ಕೊಟ್ಟರೆ ಮುಂದೇನಾಗುತ್ತದೆ ಅಂತ ಅದು ಕೇಳುತ್ತದೆ. ಲಾರಿ ಓಡಾಟ ಎಷ್ಟು ಹೆಚ್ಚುತ್ತದೆ, ನೀರು ಸಾಕಾಗುತ್ತದಾ, ಹುಲ್ಲುಗಾವಲಿನ ಹಕ್ಕಿಗಳ ಗತಿಯೇನು, ಹಳೇ ಕಟ್ಟಡಗಳು ಉಳಿಯುತ್ತವಾ. ಇನ್ನೊಂದು, 1980ರ ಸೂಪರ್‌ಫಂಡ್ ಕಾನೂನು. ಅದು ಕೇಳುವುದು ಹಿಂದೆ ಇಲ್ಲಿ ಏನು ಚೆಲ್ಲಿದಿರಿ ಅಂತ. ಮಣ್ಣಿನ ಪ್ರಶ್ನೆ ಸೇರುವುದು ಈ ಎರಡನೇ ಕಡತಕ್ಕೆ.

ನೆಲೆ ಮುಚ್ಚುವ ಬಿಆರ್‌ಎಸಿ ಕಾನೂನಿನಡಿ, ಮುಚ್ಚುವ ತೀರ್ಮಾನಕ್ಕೇ ನೆಪಾ ವಿಮರ್ಶೆ ಬೇಡ. ಜಾಗವನ್ನು ವಿಲೇವಾರಿ ಮಾಡುವಾಗ ಬೇಕು. ಕೆಲಸ ಕಳೆದುಕೊಂಡವರು ನಮ್ಮ ಸಭೆಗೆ ಬಂದು ಮುಚ್ಚಬೇಡಿ ಅನ್ನುವಾಗ ಇದನ್ನು ಹೇಳುವುದಕ್ಕೆ ನನಗೆ ತುಂಬಾ ಕಷ್ಟವಾಗುತ್ತದೆ.

ಎರಡನೇ ಕಡತದ ಕೆಲಸ ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಒಂದು ಕಾರ್ಖಾನೆಯಲ್ಲಿ ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯುವ ಕೋಣೆ ಇತ್ತು. ತೊಟ್ಟಿ ಕಿತ್ತುಹಾಕಿ ವರ್ಷಗಳಾಗಿದ್ದವು. ಕಾಂಕ್ರೀಟ್ ನೆಲದ ಮೇಲೆ ಚೌಕಾಕಾರದ ಕಪ್ಪು ಗುರುತು ಮಾತ್ರ ಉಳಿದಿತ್ತು. ನಕ್ಷೆಯ ಪ್ರಕಾರ ಕೊಳೆ ನೀರು ಪೈಪಿನಲ್ಲಿ ಚರಂಡಿಗೆ ಹೋಗುತ್ತಿತ್ತು. ನಾವು ಆ ಪೈಪಿನ ಗುಂಟ ಮಾದರಿ ತೆಗೆಯಲು ಹೊರಟಿದ್ದೆವು. ಅಲ್ಲಿ ಮೊದಲು ಕೆಲಸ ಮಾಡಿದ್ದ ವಯಸ್ಸಾದವರೊಬ್ಬರು ಹಿಂಬಾಗಿಲ ತನಕ ನಡೆದು ಹೋಗಿ, ಮೆಟ್ಟಿಲ ಪಕ್ಕದ ನೆಲ ತೋರಿಸಿದರು. "ಬಕೆಟ್ ತುಂಬಿದರೆ ಇಲ್ಲೇ ಸುರೀತಿದ್ವಿ. ಪೈಪ್ ಯಾವಾಗಲೂ ಕಟ್ಟಿಕೊಳ್ತಿತ್ತು." ಅಲ್ಲೇ ಕೊರೆದೆವು. ಜಿಡ್ಡು ತೆಗೆಯಲು ಬಳಸುವ ದ್ರಾವಕ ಟ್ರೈಕ್ಲೋರೋಎಥಿಲೀನ್ ಸಿಕ್ಕಿತು.

ಈ ದ್ರಾವಕ ನೀರಿಗಿಂತ ಭಾರ. ಅಂತರ್ಜಲದ ಮೇಲೆ ತೇಲುವುದಿಲ್ಲ, ಅದನ್ನೂ ದಾಟಿ ಕೆಳಗಿಳಿದು ಜೇಡಿಮಣ್ಣಿನ ಪದರದ ಮೇಲೆ ಕೂರುತ್ತದೆ. ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಕರಗುತ್ತಾ ದಶಕಗಟ್ಟಲೆ ನೀರು ಕೆಡಿಸುತ್ತದೆ. ಅದಕ್ಕೇ ನಾನು ನಕ್ಷೆಗಿಂತ ಮೊದಲು ಹಳೇ ಕೆಲಸಗಾರರನ್ನು ಹುಡುಕುತ್ತೇನೆ. ಅವರು ಪ್ರತಿವರ್ಷ ಕಡಿಮೆಯಾಗುತ್ತಿದ್ದಾರೆ. ವಿಮರ್ಶೆ ತಡವಾದಷ್ಟೂ ಈ ನೆನಪು ಕೈತಪ್ಪುತ್ತದೆ.

ಮದ್ದು ತಯಾರಿಸಿದ ಕಟ್ಟಡಗಳದ್ದು ಬೇರೆಯೇ ತೊಂದರೆ. ಮರದ ಸಂದಿಗಳಲ್ಲಿ, ಚರಂಡಿ ಪೈಪಿನ ತಿರುವುಗಳಲ್ಲಿ ಸ್ಫೋಟಕದ ಪುಡಿ ಉಳಿದಿರಬಹುದು. ಸುತ್ತಿಗೆ ಹಾಕಿ ಒಡೆಯುವುದು ಅಪಾಯ. ಹಾಗಾಗಿ ಕೆಲವನ್ನು ನಿಂತಲ್ಲೇ ಸುಟ್ಟಿದ್ದೂ ಉಂಟು. ಆದರೆ ಗೋಡೆಗಳ ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಹೊಗೆ ಪಕ್ಕದ ಮನೆಗಳತ್ತ ಹೋಗುತ್ತದೆ.

ಎರಡೂ ಕಡತಗಳನ್ನು ಬೇರೆ ಬೇರೆ ಓದಿದರೆ ಏನೂ ಅರ್ಥವಾಗುವುದಿಲ್ಲ. ಎಷ್ಟು ಶುದ್ಧ ಮಾಡಬೇಕು ಅನ್ನುವುದು ಜಾಗವನ್ನು ಮುಂದೆ ಯಾತಕ್ಕೆ ಬಳಸುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಮಕ್ಕಳು ಮಣ್ಣಾಡುವ ಹಿತ್ತಲಿಗೂ, ಕಾಂಕ್ರೀಟ್ ಹಾಸಿದ ಗೋದಾಮಿಗೂ ಒಂದೇ ಅಳತೆ ಇರುವುದಿಲ್ಲ ಅಲ್ವಾ? ಇಲಿನಾಯ್‌ನ ಜೋಲಿಯೆಟ್ ಮದ್ದುಗುಂಡು ಕಾರ್ಖಾನೆಯನ್ನು ನೋಡಿ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಟಿಎನ್‌ಟಿ ಸ್ಫೋಟಕ ತಯಾರಾಗುತ್ತಿತ್ತು. 1996ರ ಕಾನೂನು ಆ ನೆಲವನ್ನು ಹಂಚಿತು. ಸುಮಾರು 19,000 ಎಕರೆ ಮಿಡೇವಿನ್ ಹುಲ್ಲುಗಾವಲಿಗೆ, 982 ಎಕರೆ ಸೈನಿಕರ ಸ್ಮಶಾನಕ್ಕೆ, ಇನ್ನೊಂದಷ್ಟು ಕೈಗಾರಿಕೆಗೆ ಮತ್ತು ಕಸ ಹೂಳುವುದಕ್ಕೆ. 2015ರಲ್ಲಿ ಹುಲ್ಲುಗಾವಲಿಗೆ ಕಾಡೆಮ್ಮೆಗಳನ್ನು, ಅಂದರೆ ಬೈಸನ್‌ಗಳನ್ನು, ಬಿಟ್ಟರು.

ಶುದ್ಧೀಕರಣದ ಕೆಲಸ ಮುಗಿದ ಮೇಲೇ ಜಾಗ ಕೊಡಬೇಕು ಅನ್ನುವುದು ಸೂಪರ್‌ಫಂಡ್‌ನ ಮೂಲ ನಿಯಮ. ಆದರೆ 'ಮುಗಿದ' ಅನ್ನುವ ಪದದ ಅರ್ಥ ಇಲ್ಲಿ ಬೇರೆ. ಅಂತರ್ಜಲ ಎತ್ತಿ ಶುದ್ಧ ಮಾಡುವ ಯಂತ್ರ ಕೂರಿಸಿ, ಅದು ಸರಿಯಾಗಿ ಓಡುತ್ತಿದೆ ಅಂತ ತೋರಿಸಿದರೆ ಸಾಕು. ಪಂಪು ಮುಂದೆ ಮೂವತ್ತು ವರ್ಷ ಓಡಿದರೂ ಜಾಗ ಕೈ ಬದಲಾಯಿಸಬಹುದು. ರಾಜ್ಯಪಾಲರು ಒಪ್ಪಿದರೆ ಕೆಲಸ ಮುಗಿಯುವ ಮೊದಲೇ ವರ್ಗಾಯಿಸುವ ದಾರಿಯೂ ಇದೆ. ಕ್ಯಾನ್ಸಸ್‌ನ ಸನ್‌ಫ್ಲವರ್ ಕಾರ್ಖಾನೆಯ 9,000ಕ್ಕೂ ಹೆಚ್ಚು ಎಕರೆ 2005ರಲ್ಲಿ ಹೀಗೇ ಹೋಯಿತು. ಅದರ ಒಂದು ಭಾಗದಲ್ಲಿ ಈಗ ಪ್ಯಾನಸಾನಿಕ್‌ನ ಬ್ಯಾಟರಿ ಕಾರ್ಖಾನೆ ಇದೆ. ಈ ದಾರಿ ತಪ್ಪು ಅಂತ ನಾನು ಹೇಳುವುದಿಲ್ಲ. ಬೀಗ ಹಾಕಿ ಸುಮ್ನೆ ಬಿಟ್ಟರೂ ಚಾವಣಿ ಸೋರುತ್ತದೆ, ಆಸ್ಬೆಸ್ಟಾಸ್ ಉದುರುತ್ತದೆ. ಆದರೆ ಶುದ್ಧೀಕರಣದ ದುಡ್ಡು ಎಲ್ಲಿಂದ ಬರುತ್ತದೆ ಅಂತ ಸಹಿಗೆ ಮೊದಲೇ ಬರೆದಿಟ್ಟುಕೊಳ್ಳಬೇಕು.

ಹೊಸ ಮಾಲಿಕರು ಓದಲೇಬೇಕಾದದ್ದು ಕ್ರಯಪತ್ರ. ಬಾವಿ ತೋಡಬಾರದು, ಇಂತಿಷ್ಟು ಅಡಿಗಿಂತ ಆಳ ಅಗೆಯಬಾರದು, ಮನೆ ಕಟ್ಟಬಾರದು ಅನ್ನುವ ಷರತ್ತುಗಳು ಅದರಲ್ಲಿರುತ್ತವೆ. ಜಾಗ ಎರಡು ಸಲ ಮಾರಾಟವಾದ ಮೇಲೆ ಅವು ಯಾರ ನೆನಪಲ್ಲೂ ಇರುವುದಿಲ್ಲ. ಹಾಗಾಗಿ ನಮ್ಮ ಕೆಲಸ ಮುಗಿದ ಮೇಲೂ ಬಾವಿ ಪರವಾನಗಿ ಕೊಡುವ ಸ್ಥಳೀಯ ಕಚೇರಿಗೆ ಹೋಗಿ, ನಿರ್ಬಂಧದ ನಕ್ಷೆ ಅವರ ಬಳಿ ಇದೆಯಾ ಅಂತ ಕೇಳುತ್ತೇನೆ. ಒಂದು ಕಡೆ ಇರಲಿಲ್ಲ. ಅಲ್ಲಿ ಕೂತಿದ್ದ ಗುಮಾಸ್ತೆ ನನ್ನ ಪ್ರತಿಯನ್ನೇ ತೆಗೆದುಕೊಂಡು, ಅರ್ಜಿಗಳ ಟ್ರೇ ಮೇಲಿನ ಗೋಡೆಗೆ ಅಂಟಿಸಿದರು.