ಸೀಗಡಿ ಬದುಕಿದೆ, ಮೀನು ಮಾತ್ರ ಸಾಯುತ್ತಿದೆ: ಯಾಕೆ?

ಪ್ರಶ್ನೆ: ನಮ್ಮದು 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ. ಹೊಸ ಮೀನೊಂದನ್ನು ತಂದು ಬಿಟ್ಟ ಮೇಲೆ ಒಂದೇ ವಾರದಲ್ಲಿ ನಾಲ್ಕು ಸತ್ತವು. ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಉಪ್ಪಿನಂಶವೂ ಸರಿಯಿದೆ. ಮೀನಿನ ಮೈಮೇಲೆ ಗಾಯವಾಗಲಿ ಚುಕ್ಕೆಯಾಗಲಿ ಕಾಣಲಿಲ್ಲ. ಸೀಗಡಿ, ಹವಳ ಆರಾಮಾಗಿವೆ. ಏನಾಗಿರಬಹುದು?

ಉತ್ತರ: ಅರ್ಧ ಉತ್ತರ ನಿಮ್ಮ ಸೀಗಡಿಯ ಹತ್ತಿರವೇ ಇದೆ. ನೀರಿಗೆ ತಾಮ್ರವೋ ಸೊಳ್ಳೆ ಔಷಧಿಯೋ ಸೇರಿದ್ದರೆ ಮೊದಲು ಮಗುಚುತ್ತಿದ್ದದ್ದು ಅದು. ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತು ಆಮ್ಲಜನಕ ಕಡಿಮೆಯಾಗಿದ್ದರೆ ಮೀನುಗಳು ಒಂದೇ ಬೆಳಗ್ಗೆ ಒಟ್ಟಿಗೆ ತೇಲುತ್ತಿದ್ದವು. ಹೀಗೆ ಸರದಿಯಲ್ಲಿ ಸಾಯುತ್ತಿರಲಿಲ್ಲ. ಮೀನು ಮಾತ್ರ, ಅದೂ ಒಂದರ ಹಿಂದೊಂದು ಅಂದರೆ ರೋಗದ ಮೇಲೆಯೇ ಅನುಮಾನ. ಟೆಸ್ಟ್ ಕಿಟ್ ಅದನ್ನು ಹೇಳುವುದಿಲ್ಲ.

ನನ್ನ ಮೊದಲ ಅನುಮಾನ ಮರೈನ್ ವೆಲ್ವೆಟ್. ಅಮೈಲೂಡಿನಿಯಮ್ ಎಂಬ ಏಕಕೋಶ ಪರಾವಲಂಬಿ ಇದಕ್ಕೆ ಕಾರಣ. ಅದು ಹೆಚ್ಚಾಗಿ ಮೊದಲು ಕಿವಿರಿಗೇ ಅಂಟಿಕೊಳ್ಳುತ್ತದೆ. ಚರ್ಮದ ಮೇಲೆ ಪುಡಿ ಉದುರಿಸಿದಂತೆ ಕಾಣಿಸುವ ಹೊತ್ತಿಗೆ ಮೀನು ಉಸಿರುಕಟ್ಟಿ ಸತ್ತೇ ಹೋಗಿರಬಹುದು. ಮೀನಿನಿಂದ ಕಳಚಿಬಿದ್ದ ಒಂದೇ ಜೀವಿ ಒಡೆದು ಒಡೆದು 256 ಮರಿಗಳವರೆಗೆ ಹೊರಬಿಡಬಲ್ಲದು. ಮುಚ್ಚಿದ ಗಾಜಿನ ತೊಟ್ಟಿಯಲ್ಲಿ ಅವಕ್ಕೆ ಮುಂದಿನ ಮೀನು ಹುಡುಕುವುದು ಕಷ್ಟವೇ? ವಾರದಲ್ಲಿ ನಾಲ್ಕು ಸಾವು ಹೀಗೆಯೇ.

ಸತ್ತ ಮೀನುಗಳ ಕೊನೆಯ ದಿನಗಳನ್ನು ನೆನಪಿಸಿಕೊಳ್ಳಿ. ಏದುಸಿರು ಬಿಡುತ್ತಿದ್ದವೇ? ಪಂಪಿನಿಂದ ನೀರು ನುಗ್ಗುವ ಜಾಗಕ್ಕೇ ಹೋಗಿ ನಿಲ್ಲುತ್ತಿದ್ದವೇ? ಬೆಳಕು ಕಂಡರೆ ಮರೆಗೆ ಸರಿಯುತ್ತಿದ್ದವೇ? ಉಳಿದ ಮೀನುಗಳ ಮೇಲೆ ಕತ್ತಲಲ್ಲಿ ಪಕ್ಕದಿಂದ ಟಾರ್ಚ್ ಹಾಯಿಸಿ. ಕೆಲವೊಮ್ಮೆ ಚಿನ್ನದ ಬಣ್ಣದ ಹೊಳಪು ಕಾಣುತ್ತದೆ. ಕಾಣದಿದ್ದರೆ ರೋಗವಿಲ್ಲ ಅಂತಲ್ಲ. ಆಗತಾನೇ ಸತ್ತ ಮೀನು ಸಿಕ್ಕರೆ ಕಿವಿರಿನ ಚೂರೊಂದನ್ನು ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಇದರಷ್ಟು ಗಟ್ಟಿ ಪುರಾವೆ ಬೇರೆಯಿಲ್ಲ. ಹಳೆಯ ಹೆಣ ಮಾತ್ರ ಉಪಯೋಗಕ್ಕೆ ಬಾರದು.

ವೆಲ್ವೆಟ್ ಎಂದು ಬಲವಾಗಿ ಅನಿಸಿದರೆ ಕಾಯಬೇಡಿ, ಇದು ದಿನಗಳಲ್ಲಿ ಮುಗಿಸುವ ರೋಗ. ಉಳಿದ ಎಲ್ಲ ಮೀನುಗಳನ್ನೂ, ಚೆನ್ನಾಗಿ ಕಾಣುವುದನ್ನೂ ಬಿಡದೆ, ಮರಳು ಕಲ್ಲು ಇಲ್ಲದ ಬೇರೆ ತೊಟ್ಟಿಗೆ ಹಾಕಿ. ಅಲ್ಲಿ ತಾಮ್ರದ ಔಷಧಿ ಕೊಡಿ. ಔಷಧಿಯಿಂದ ಔಷಧಿಗೆ ಪ್ರಮಾಣ ಬೇರೆ, ಹಾಗಾಗಿ ಲೇಬಲ್ ಓದಿ, ತಾಮ್ರದ ಟೆಸ್ಟ್ ಕಿಟ್ಟಿನಲ್ಲಿ ಅಳೆಯುತ್ತಿರಿ; ಕಣ್ಣಂದಾಜು ಬೇಡವೇ ಬೇಡ. ಹೊಸ ತೊಟ್ಟಿಯಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ ಅಮೋನಿಯಾವನ್ನೂ ದಿನಾ ನೋಡಬೇಕು. ದೊಡ್ಡ ತೊಟ್ಟಿಗೆ ಮಾತ್ರ ತಾಮ್ರ ಹಾಕಬೇಡಿ. ಸೀಗಡಿ, ಹವಳ ಸಾಯುತ್ತವೆ, ಕಲ್ಲು ಮರಳು ತಾಮ್ರ ಹೀರಿಕೊಂಡು ಕೂರುತ್ತವೆ. ಆರಾಮಾಗಿದ್ದ ಸೀಗಡಿಯನ್ನು ನಾವೇ ಕೊಂದಂತಾಗುತ್ತದೆ.

ಹಾಗಾದರೆ ದೊಡ್ಡ ತೊಟ್ಟಿಗೆ ಮದ್ದೇನು? ಮೀನಿಲ್ಲದೆ ಖಾಲಿ ಬಿಡುವುದು; ಅಂಟಲು ಮೀನು ಸಿಗದೆ ಪರಾವಲಂಬಿ ಸಾಯುತ್ತದೆ. ವೆಲ್ವೆಟ್ಟಿಗೆ ಸಾಮಾನ್ಯವಾಗಿ 6 ವಾರ ಎನ್ನುತ್ತಾರೆ. ಜೊತೆಗೆ ಬಿಳಿ ಚುಕ್ಕೆ ರೋಗದ (ಇದೂ ಮೀನಿನ ಇನ್ನೊಂದು ಪರಾವಲಂಬಿ ರೋಗ) ಅನುಮಾನವೂ ಇದ್ದರೆ 76 ದಿನ ಬಿಡುವವರು ಬಹಳ. ಅಲ್ಲಿಯವರೆಗೆ ಸೀಗಡಿಗೆ ಚೂರು ಆಹಾರ ಹಾಕುತ್ತಿರಿ. ಮೀನಿನ ತೊಟ್ಟಿಗೆ ಅದ್ದಿದ ಬಲೆ, ಒದ್ದೆ ಕೈ ಈ ತೊಟ್ಟಿಗೆ ತಾಗದಿರಲಿ. ಒಂದು ಹನಿ ನೀರು ಸೇರಿದರೂ ಎಣಿಕೆ ಮತ್ತೆ ಒಂದರಿಂದ.