‘ಬಾಯಿ ಬಿಡಬೇಡ’ ಅಂತ ಹೇಳಿದ್ದು ಯಾರಿಗೆ?

ಹಿಪ್ ಹಾಪ್ ಜಗಳಗಳ ಡಾಕ್ಯುಮೆಂಟರಿ ನೋಡುತ್ತಾ ಕೂತರೆ ‘ಸ್ನಿಚ್’ ಎಂಬ ಬೈಗುಳ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಪೊಲೀಸರ ಮುಂದೆ ಬಾಯಿ ಬಿಟ್ಟವನು ಅಂತ ಅರ್ಥ. 2022ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದ ರ‍್ಯಾಪರ್ ಗುನ್ನಾ, ಇನ್ನೊಬ್ಬ ರ‍್ಯಾಪರ್ ಯಂಗ್ ಥಗ್ ಜೊತೆ ಸಿಕ್ಕಿಕೊಂಡಿದ್ದ ಕೇಸಿನಲ್ಲಿ ಸರ್ಕಾರಿ ವಕೀಲರೊಂದಿಗೆ ಒಪ್ಪಂದ ಮಾಡಿಕೊಂಡು ಹೊರಬಂದರು. ಯಾರ ವಿರುದ್ಧವೂ ಸಾಕ್ಷಿ ಹೇಳುವುದಿಲ್ಲ ಎಂದು ಹೇಳಿಕೆಯನ್ನೂ ಕೊಟ್ಟರು. ಆದರೂ ಆ ಹೆಸರು ಅವರಿಗೆ ಅಂಟಿತು. ಒಬ್ಬೊಬ್ಬರ ಬಾಯಲ್ಲಿ ಈ ಪದಕ್ಕೆ ಒಂದೊಂದು ಅರ್ಥ.

1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಏರಿಯಾದ ಪಾರ್ಟಿಗಳಿಂದ ಶುರುವಾದ ಹಿಪ್ ಹಾಪ್, 80ರ ದಶಕದಲ್ಲಿ ಏರಿಯಾ ಏರಿಯಾಗಳ ನಡುವಿನ ಸವಾಲ್-ಜವಾಬು ಆಯಿತು. 1996ರಲ್ಲಿ ರ‍್ಯಾಪರ್ ಟುಪಾಕ್, 1997ರಲ್ಲಿ ಇನ್ನೊಬ್ಬ ರ‍್ಯಾಪರ್ ಬಿಗ್ಗಿ ಗುಂಡಿಗೆ ಬಲಿಯಾದರು. ಟುಪಾಕ್ ಕೊಲೆ ಕೇಸಿನಲ್ಲಿ ಒಬ್ಬರ ಮೇಲೆ ಆರೋಪ ಹೊರಿಸಿ ಬಂಧಿಸಿದ್ದು 2023ರಲ್ಲಿ!

ಪೊಲೀಸರ ಮುಂದೆ ಬಾಯಿ ಬಿಡದ ಈ ಮೌನಕ್ಕೆ ಕಾನೂನಿನದೂ ಒಂದು ಬೇರಿದೆ. 1986ರಲ್ಲಿ ಅಮೆರಿಕ ಡ್ರಗ್ಸ್ ಕಾನೂನನ್ನು ಬಿಗಿ ಮಾಡಿತು. ಕೇವಲ 5 ಗ್ರಾಂ ಕ್ರ್ಯಾಕ್ (ಹರಳಿನಂತಿರುವ ಕೊಕೇನ್) ಮಾರಿದರೂ ಕನಿಷ್ಠ 5 ವರ್ಷ ಜೈಲು. ಪೌಡರ್ ಕೊಕೇನ್ ಆದರೆ ಅಷ್ಟೇ ಶಿಕ್ಷೆಗೆ 500 ಗ್ರಾಂ ಬೇಕಿತ್ತು. ಶಿಕ್ಷೆ ಕಡಿಮೆಯಾಗಲು ಇದ್ದ ಮುಖ್ಯ ದಾರಿ, ಇನ್ನೊಬ್ಬರನ್ನು ಹಿಡಿದುಕೊಡುವುದು. ಜೊತೆಯಲ್ಲೇ ದಂಧೆ ಮಾಡಿ, ದುಡ್ಡು ಹಂಚಿಕೊಂಡು, ಸಿಕ್ಕಿಬಿದ್ದಾಗ ಗೆಳೆಯನನ್ನು ಮಾರಿಕೊಂಡವನೇ ಸ್ನಿಚ್. ಆ ಸಿಟ್ಟು ನನಗೆ ಅರ್ಥವಾಗುತ್ತದೆ.

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ನಡೆದದ್ದು ಬೇರೆ. ಅಲ್ಲಿ ಒಬ್ಬ ತಾಯಿ, ಮನೆ ಮುಂದೆ ಡ್ರಗ್ಸ್ ಮಾರುವವರ ಬಗ್ಗೆ ಪದೇ ಪದೇ ಪೊಲೀಸರಿಗೆ ಫೋನ್ ಮಾಡುತ್ತಿದ್ದರು. 2002ರ ಅಕ್ಟೋಬರ್ 16ರ ನಸುಕಿನಲ್ಲಿ ಅವರ ಮನೆಗೆ ಬೆಂಕಿ ಹಚ್ಚಲಾಯಿತು. ತಾಯಿ ಮತ್ತು ಐದು ಮಕ್ಕಳು ಸತ್ತರು. ತಂದೆ ಕೆಲವು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಅವರಲ್ಲಿ ಯಾರೂ ದಂಧೆಯಲ್ಲಿ ಪಾಲುದಾರರಾಗಿರಲಿಲ್ಲ. ತಮ್ಮ ಬೀದಿಯಲ್ಲಿ ನೆಮ್ಮದಿಯಾಗಿ ಬದುಕಬೇಕು ಅಂದುಕೊಂಡಿದ್ದರು, ಅಷ್ಟೇ.

ಎರಡು ವರ್ಷದ ನಂತರ ಅದೇ ಊರಿನಲ್ಲಿ ‘ಸ್ಟಾಪ್ ಸ್ನಿಚಿನ್’ (ಬಾಯಿ ಬಿಡುವುದನ್ನು ನಿಲ್ಲಿಸಿ) ಎಂಬ ಡಿವಿಡಿ ಹರಿದಾಡಿತು. ಬೀದಿ ಹುಡುಗರು ಕ್ಯಾಮೆರಾ ಮುಂದೆ ನಿಂತು ಬಾಯಿ ಬಿಡುವವರಿಗೆ ಬೆದರಿಕೆ ಹಾಕುತ್ತಿದ್ದರು. ಬ್ಯಾಸ್ಕೆಟ್‌ಬಾಲ್ ತಾರೆ ಕಾರ್ಮೆಲೊ ಆಂಥನಿ ಕೂಡ ಅದರಲ್ಲಿ ಕಾಣಿಸಿಕೊಂಡಿದ್ದರಿಂದ ಸುದ್ದಿ ದೇಶಕ್ಕೆಲ್ಲ ಹಬ್ಬಿತು. ಪೊಲೀಸರು ‘ಕೀಪ್ ಟಾಕಿನ್’ (ಹೇಳುತ್ತಲೇ ಇರಿ) ಅಂತ ತಮ್ಮದೇ ಡಿವಿಡಿ ತಂದರು. ಆದರೆ ಮೊದಲಿನ ಡಿವಿಡಿಯಲ್ಲಿ ಇಬ್ಬರು ಪೊಲೀಸರ ಹೆಸರು ಹೇಳಿ, ಇವರೇ ದಂಧೆಯಲ್ಲಿದ್ದಾರೆ ಎಂಬ ಮಾತೂ ಇತ್ತು. 2006ರಲ್ಲಿ ಅವರಿಬ್ಬರ ಮೇಲಿನ ಆರೋಪ ಕೋರ್ಟಿನಲ್ಲಿ ಸಾಬೀತಾಯಿತು. ಒಬ್ಬರಿಗೆ 315 ವರ್ಷ, ಇನ್ನೊಬ್ಬರಿಗೆ 139 ವರ್ಷ ಜೈಲು. ಹೀಗಿರುವಾಗ ಆ ಬೀದಿಯವರು ಯಾರನ್ನು ನಂಬಿ ದೂರು ಕೊಡಬೇಕಿತ್ತು, ಹೇಳಿ?

2007ರಲ್ಲಿ ರ‍್ಯಾಪರ್ ಕ್ಯಾಮ್‌ರನ್‌ಗೆ ಟಿವಿಯಲ್ಲಿ ಒಂದು ಪ್ರಶ್ನೆ ಬಂತು. ಪಕ್ಕದ ಮನೆಯಲ್ಲಿ ಸರಣಿ ಕೊಲೆಗಾರ ಇದ್ದರೆ ಪೊಲೀಸರಿಗೆ ಹೇಳುತ್ತೀರಾ? ಇಲ್ಲ, ನಾನೇ ಮನೆ ಬದಲಾಯಿಸುತ್ತೇನೆ ಎಂದರು. ಆಮೇಲೆ ಕ್ಷಮೆ ಕೇಳಿದರು. ಗೆಳೆಯನನ್ನು ಮಾರಿಕೊಂಡವನಿಗೆ ಹೇಳಿದ್ದ ಮಾತು ಅಷ್ಟರಲ್ಲಿ ಪಕ್ಕದ ಮನೆಯವರವರೆಗೂ ಬಂದಿತ್ತು.

ಬಾಲ್ಟಿಮೋರ್ ಮನೆ ಸುಟ್ಟ ಎರಡೇ ವಾರಕ್ಕೆ, ರನ್-ಡಿಎಂಸಿ ಎಂಬ ಹಿಪ್ ಹಾಪ್ ತಂಡದ ಜಾಮ್ ಮಾಸ್ಟರ್ ಜೇ ನ್ಯೂಯಾರ್ಕಿನ ಕ್ವೀನ್ಸ್‌ನ ತಮ್ಮ ಸ್ಟುಡಿಯೋದಲ್ಲೇ ಕೊಲೆಯಾದರು. ಆಗ ಅಲ್ಲಿ ಬೇರೆಯವರೂ ಇದ್ದರು. ಆರೋಪಪಟ್ಟಿ ಬಂದಿದ್ದು 2020ರಲ್ಲಿ. ಅಲ್ಲಿದ್ದವರು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳುವ ಹೊತ್ತಿಗೆ 2024 ಬಂದಿತ್ತು.